ಒಂದು ಹನಿ ಬಿದ್ದರೆ ಬನ್ನಿ

"ಸೋರ್ತಾ ಇದೆ ರೀ! ಕೊನೆಗೂ ಸೋರ್ತಾ ಇದೆ!"

ಕಾರನ್ನು ಎಳೆದು ತಂದ ಗಾಡಿಯಿಂದ ಕೆಳಗೆ ಹಾರಿದವನೇ ಅವನು ಹೀಗೆ ಕೂಗಿಕೊಂಡ. ಮುಖ ನೋಡಿದರೆ ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಹೇಳಲು ಓಡಿ ಬಂದವನ ಹಾಗಿತ್ತು. ಕಂಕುಳಲ್ಲಿ ಒಂದು ಹಳೆಯ ರಟ್ಟು. ರಟ್ಟಿನ ನಡುವೆ ಅಂಗೈ ಅಗಲದ ಕೆಂಪು ಕಲೆ.

ಗ್ಯಾರೇಜಿನ ಒಳಗೆ, ಬಿಚ್ಚಿಟ್ಟ ಗೇರ್‌ಬಾಕ್ಸೊಂದರ ಮೇಲೆ ಬಾಗಿದ್ದವಳು ಥಟ್ಟನೆ ತಲೆಯೆತ್ತಿದಳು.

ಆ ಧ್ವನಿ!

ಸ್ಪ್ಯಾನರ್ ಹಿಡಿದಿದ್ದ ಕೈ ಹಾಗೇ ನಿಂತಿತು. ಒಂದು ವರ್ಷದಿಂದ ಗೇಟಿನ ಬಳಿ ಬೂದು ಬಣ್ಣದ ಯಾವ ಕಾರು ಕಂಡರೂ ಕತ್ತು ಉದ್ದ ಮಾಡಿ ನೋಡಿದವಳು ಅವಳು. ನೋಡಿ, ಅದಲ್ಲವೆಂದು ಗೊತ್ತಾಗಿ, 'ಬರದಿದ್ರೆ ಅಷ್ಟೇ ಹೋಯ್ತು, ನಂಗೇನು!' ಎಂದು ಮುಖ ತಿರುಗಿಸಿಕೊಂಡವಳೂ ಅವಳೇ.

ಈಗ ಬಂದಿದ್ದಾನೆ. ಬಂದವನು ಹೇಗಿದ್ದೀರಿ ಎಂದು ಕೇಳಲಿಲ್ಲ. ಕ್ಷಮಿಸಿ ಎನ್ನಲಿಲ್ಲ. ಅವಳು ಕಟ್ಟಿದ ಗೇರ್‌ಬಾಕ್ಸ್ ಸೋರುತ್ತಿದೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಡಂಗುರ ಹೊಡೆಯುತ್ತಿದ್ದಾನೆ... ಅದೂ ಹಲ್ಲು ಕಿರಿಯುತ್ತಾ!

'ಎಷ್ಟು ಖುಷಿ ನೋಡು ಇವನಿಗೆ! ಇದಕ್ಕೇ ಕಾಯ್ತಿದ್ದ ಅನ್ಸುತ್ತೆ!'

ಹೌದು, ಅವನು ಇದಕ್ಕೇ ಕಾಯುತ್ತಿದ್ದ. ಆದರೆ ಯಾಕೆ ಕಾಯುತ್ತಿದ್ದ ಎನ್ನುವುದು ನಮ್ಮ ಈ ಸಿಡುಕಿಗೆ ಹೇಗೆ ಗೊತ್ತಾಗಬೇಕು ಹೇಳಿ! ಕೋಪ ಮೂಗಿನ ತುದಿಯಲ್ಲೇ ಇದ್ದರೆ ಮೂಗಿನಿಂದಾಚೆಗೆ ಏನೂ ಕಾಣುವುದಿಲ್ಲ.

ಗ್ಯಾರೇಜು ಅವಳ ಸೋದರಮಾವನದು. ಅದರೊಳಗೆ ಗೇರ್‌ಬಾಕ್ಸ್ ರಿಪೇರಿಯ ಮೂಲೆ ಮಾತ್ರ ಅವಳದು. ಓದು ಮುಗಿಸಿ ಬಂದವಳನ್ನು ಮಾವ ಮುಂದಿನ ಬಿಲ್ ಕೌಂಟರಿನಲ್ಲಿ ಕೂರಿಸಿದರೆ, ಅವಳು ವಾರದಲ್ಲೇ ಎದ್ದು ಕಾರಿನ ಕೆಳಗೆ ಹೊಕ್ಕಿದ್ದಳು. "ಹೆಣ್ಣುಮಗಳು, ಕೈಯೆಲ್ಲಾ ಕರಿ ಮಾಡ್ಕೊಂಡು ಇದೇನೇ ಅವತಾರ!" ಎಂದು ಅತ್ತೆ ಬೈದರು. ಅವಳು ಹೊರಗೆ ಬರಲಿಲ್ಲ. ಈಗ ಗಿರಾಕಿಗಳ ಬಾಯಲ್ಲಿ ಅವಳು 'ಗೇರಕ್ಕ'. ಆ ಹೆಸರು ಕೇಳಿದರೆ ಅವಳಿಗೆ ಕೊರಳಿಗೆ ಹಾರ ಬಿದ್ದಷ್ಟು ಹೆಮ್ಮೆ.

"ಏನ್ ಸಾರ್, ಸೋರ್ತಾ ಇದ್ಯಾ?" ಎಂದು ಎದ್ದು ಬಂದವನು ಫೋರ್‌ಮನ್. ಹಲ್ಲುಕಡ್ಡಿಯನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ತಳ್ಳಿದ. ಗೇರ್‌ಬಾಕ್ಸ್ ಮೂಲೆ ತನಗೆ ಸಿಗಬೇಕಿತ್ತು ಎಂದು ಅವನಿಗೆ ಮೊದಲಿನಿಂದಲೂ ಹೊಟ್ಟೆಯುರಿ. "ಗೇರಕ್ಕಾ... ಮಾತು ನೆನಪಿದ್ಯಾ? ಸ್ಪ್ಯಾನರ್ ಕೆಳಗಿಡ್ತೀನಿ ಅಂದಿದ್ರಿ!"

ಅವಳ ಮುಖ ಕೆಂಪೇರಿತು. ಮರೆಯುವುದು ಹೇಗೆ?

*

ಹೋದ ವರ್ಷ ಅವನು ಮೊದಲ ಸಲ ಬಂದಾಗ ಈ ಆಟೊಮ್ಯಾಟಿಕ್ ಕಾರಿನ ಗೇರ್ ಬೀಳುವಾಗೆಲ್ಲ ಧಡ್ ಧಡ್ ಎನ್ನುತ್ತಿತ್ತು. ಅವನಿಗೆ ಕನ್ನಡಕದ ಅಂಗಡಿ. ಗಾಜು ತೇಯ್ದು ಚೌಕಟ್ಟಿಗೆ ಕೂರಿಸುವ ಕೆಲಸ. ಅವಳು ಅವನಿಗೆ ಇಟ್ಟ ಹೆಸರೂ 'ಕನ್ನಡಕ'.

ಗೇರ್‌ಬಾಕ್ಸ್ ಪೂರ್ತಿ ಇಳಿಸಿ, ಬಿಚ್ಚಿ, ಸವೆದದ್ದನ್ನು ಬದಲಾಯಿಸಿ ಕಟ್ಟುವ ಕೆಲಸ ಒಂದೆರಡು ದಿನದ್ದಲ್ಲ. ಅಷ್ಟು ದಿನವೂ ಮಧ್ಯಾಹ್ನ ಅಂಗಡಿ ಮುಚ್ಚಿ ಅವನು ಬರುತ್ತಿದ್ದ. ಎರಡು ಲೋಟ ಟೀ ತಂದು, ಬೋರಲು ಹಾಕಿದ ಆಯಿಲ್ ಡಬ್ಬದ ಮೇಲೆ ಕೂರುತ್ತಿದ್ದ.

"ಈ ಚಕ್ರದ ಹಲ್ಲು ಎಷ್ಟು ನಯ ಇದೆ ಅಲ್ವಾ? ನಮ್ಮ ಗಾಜೂ ಹೀಗೇ ರೀ. ಕೂದಲೆಳೆ ಆಚೀಚೆ ಆದ್ರೂ ಲೋಕ ಎಲ್ಲಾ ಸೊಟ್ಟ!"

ಅವಳು ಮಾತು ಬೆಳೆಸುತ್ತಿರಲಿಲ್ಲ. ಆದರೆ ಅವನು ಬರುವ ಹೊತ್ತಿಗೆ ಕೈ ತೊಳೆದುಕೊಂಡು ಕಾಯಲು ಶುರು ಮಾಡಿದ್ದಳು. ಅದು ತನಗೇ ಗೊತ್ತಾದ ದಿನ ಸಾಬೂನು ಎತ್ತಿ ಎಸೆದಿದ್ದಳು... ಆಮೇಲೆ ತಾನೇ ಹೋಗಿ ಹೆಕ್ಕಿಕೊಂಡಿದ್ದಳು.

ಕಾರು ಸಿದ್ಧವಾದ ದಿನ ಗೇರು ಬೆಣ್ಣೆಯಲ್ಲಿ ಕತ್ತಿ ಹೊಕ್ಕಂತೆ ಬೀಳುತ್ತಿತ್ತು. ಮಾವ ಬೆನ್ನು ತಟ್ಟಿದರು. ಅವಳು ಒಂದು ಸಣ್ಣ ಸ್ಕ್ರೂ ಎತ್ತಿ, ಕೈಯನ್ನು ಉದ್ದಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಆಗ, ಮಾವನೂ ಫೋರ್‌ಮನ್ನೂ ಎದುರಿಗಿರುವಾಗಲೇ, ಆ ಮಹಾನುಭಾವ ಬಾಯಿ ಬಿಟ್ಟ.

"ನೀವು ಕಣ್ಣು ತೋರಿಸ್ಕೋಬೇಕು ರೀ. ಹತ್ತಿರದ್ದು ನಿಮಗೆ ಸರಿಯಾಗಿ ಕಾಣ್ತಾ ಇಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಜಾಗ ನೋಡಬೇಡವೇ! ಹೊತ್ತು ನೋಡಬೇಡವೇ!

ಫೋರ್‌ಮನ್ ಗೊಳ್ಳೆಂದು ನಕ್ಕ. "ಅಯ್ಯೋ! ಕಣ್ಣು ಕಾಣದವರ ಕೈಲಿ ಗೇರ್‌ಬಾಕ್ಸ್ ಕೊಟ್ಟಿದ್ದೀವಾ ಯಜಮಾನ್ರೇ?"

ಮಾವ ನಗಲಿಲ್ಲ. ಹುಬ್ಬು ಗಂಟಿಕ್ಕಿ ಅವಳ ಚಾಚಿದ ಕೈಯನ್ನೇ ನೋಡಿದರು. ಆ ನೋಟ ಅವಳನ್ನು ಸುಟ್ಟಿತು. ಕಾರಿನ ಕೆಳಗೆ ಅಷ್ಟು ಜಾಗ ಗಿಟ್ಟಿಸಲು ಅವಳು ಎಷ್ಟು ಜನರ ಬಾಯಿ ಮುಚ್ಚಿಸಿದ್ದಳು! ಇವನು ಒಂದೇ ಮಾತಿನಲ್ಲಿ ಎಲ್ಲರ ಬಾಯನ್ನೂ ತೆರೆದುಬಿಟ್ಟ. ಅದೂ ಇವನು... ಇವನು!

"ನನ್ನ ಕಣ್ಣಿಗೇನೂ ಆಗಿಲ್ಲ!" ಎಂದು ಅವಳು ಕಿರುಚಿದ್ದಳು. "ಈ ಗೇರ್‌ಬಾಕ್ಸಿಂದ ಒಂದೇ ಒಂದು ಹನಿ ಆಯಿಲ್ ಬೀಳಲಿ, ಸ್ಪ್ಯಾನರ್ ಕೆಳಗಿಟ್ಟು ನಿಮ್ಮ ಕನ್ನಡಕ ಹಾಕ್ಕೋತೀನಿ! ಒಂದು ಹನಿ ಬಿದ್ರೆ ಬನ್ನಿ. ಇಲ್ಲಾಂದ್ರೆ ಈ ಕಡೆ ತಲೆ ಕೂಡ ಹಾಕ್ಬೇಡಿ!"

ಅವನು ಇಂಗು ತಿಂದ ಮಂಗನ ಹಾಗೆ ನಿಂತ. ಆಮೇಲೆ ಕಾರು ತೆಗೆದುಕೊಂಡು ಹೋದ. ಮತ್ತೆ ಬರಲಿಲ್ಲ.

*

"ಪುಟ್ಟೀ..." ಮಾವ ಆಫೀಸಿನ ಕೋಣೆಯಿಂದ ಹೊರಗೆ ಬಂದರು. ರಟ್ಟನ್ನು ಕೈಗೆ ತೆಗೆದುಕೊಂಡು ಕೆಂಪು ಕಲೆಯನ್ನು ಬೆರಳಿಂದ ಮುಟ್ಟಿದರು. "ಗೇರ್‌ಬಾಕ್ಸ್ ಆಯಿಲ್ ಇದ್ದ ಹಾಗಿದೆಯಲ್ಲೇ."

"ನೋಡ್ತೀನಿ ಮಾವ."

"ನೋಡೋದೇನು ಬಂತು? ಅವತ್ತು ಮಾತು ಆಡಿದವಳು ನೀನು. ನಾನು ಆಡ್ಸಿದ್ದಲ್ಲ." ಮಾವನ ಸ್ವರದಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. "ನಿನ್ನ ಕೆಲಸದಿಂದಲೇ ಸೋರಿದೆ ಅಂತಾದ್ರೆ ನಾಳೆಯಿಂದ ನೀನು ಕೌಂಟರಲ್ಲಿ ಕೂತ್ಕೋ. ಗೇರ್‌ಬಾಕ್ಸ್ ಇವನು ನೋಡ್ಕೋತಾನೆ. ನನಗೂ ನಾಲ್ಕು ಜನಕ್ಕೆ ಉತ್ತರ ಕೊಡೋದಿದೆ."

ಫೋರ್‌ಮನ್ನಿನ ಹಲ್ಲುಕಡ್ಡಿ ಕುಣಿಯಿತು.

ಕನ್ನಡಕದವನ ನಗು ಮಾತ್ರ ಮುಖದಿಂದ ಜಾರಿ ಬಿತ್ತು. ಅವನ ಕೈ ಅಂಗಿಯ ಜೇಬಿನ ಮೇಲೆ ಹೋಯಿತು, ಅಲ್ಲೇ ನಿಂತಿತು.

"ಸ್ಪ್ಯಾನರ್ ಕೆಳಗಿಡೋದಾ? ಅಯ್ಯಯ್ಯೋ... ಯಜಮಾನ್ರೇ, ಇಲ್ಲ ಇಲ್ಲ! ಅದು... ಸ್ಟೇರಿಂಗ್ ಆಯಿಲ್ ಆಗಿರ್ಬಹುದು! ಅದೂ ಕೆಂಪೇ ಅಲ್ವಾ?"

ಅವಳು ಬಾನೆಟ್ ಎತ್ತಿದಳು. ಸ್ಟೇರಿಂಗ್ ಆಯಿಲಿನ ಡಬ್ಬಿಯ ಮುಚ್ಚಳ ತಿರುಗಿಸಿ ಎಲ್ಲರಿಗೂ ತೋರಿಸಿದಳು. ಡಬ್ಬಿ ಗೆರೆಯವರೆಗೂ ತುಂಬಿತ್ತು.

"ಸೋರಿದ್ರೆ ಇದು ಇಳೀಬೇಕಿತ್ತು. ಇಳಿದಿಲ್ಲ. ಇದಲ್ಲ."

"ಹಾಗಾದ್ರೆ ನಾನೇ... ನಾನೇ ಡಬ್ಬದಿಂದ ಚೆಲ್ಲಿರ್ಬೇಕು!" ಅವನು ತಡವರಿಸಿದ. "ಹೌದು, ಶೆಡ್ಡಲ್ಲಿ ಒಂದು ಆಯಿಲ್ ಡಬ್ಬ ಇತ್ತು. ಕಾಲು ತಾಗಿ..."

"ರೀ!"

ಇಡೀ ಗ್ಯಾರೇಜು ಬೆಚ್ಚಿಬಿತ್ತು.

"ನನ್ನ ಪರವಾಗಿ ನೀವು ಸುಳ್ಳು ಹೇಳ್ಬೇಡಿ! ಸೋರೋದನ್ನ ಹೇಳೋಕೆ ಬಂದ್ರಿ, ಹೇಳಿದ್ರಿ. ಇನ್ನು ಬಾಯಿಗೆ ಬೀಗ ಹಾಕ್ಕೊಂಡು ಆ ಕಡೆ ನಿಂತ್ಕೊಳ್ಳಿ. ನನ್ನ ಕೆಲಸ ತಪ್ಪಾಗಿದ್ರೆ ನನ್ನ ಬಾಯಿಂದಲೇ ಹೇಳ್ತೀನಿ. ತಪ್ಪಾಗಿಲ್ಲದಿದ್ರೆ... ಆಗಲೂ ನಾನೇ ಹೇಳ್ತೀನಿ. ಎಲ್ಲರೂ ಕೇಳ್ಬೇಕಾಗುತ್ತೆ!"

ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ಯಾರೂ ನೋಡದ ಹಾಗೆ ತೋಳಿನಿಂದ ಒರೆಸಿಕೊಂಡಳು. ಕೆನ್ನೆ ಮೇಲೆ ಗ್ರೀಸಿನ ಗೆರೆ ಬಿತ್ತು.

ಅಷ್ಟರಲ್ಲಿ ಫೋರ್‌ಮನ್ ಕಾರಿನ ಬಾಗಿಲು ತೆಗೆದು ಒಳಗೆ ಕೂತಿದ್ದ. "ಸ್ಟಾರ್ಟ್ ಮಾಡಿ ನೋಡೋಣ, ಎಲ್ಲಿ ಸೋರುತ್ತೆ ಅಂತ ಒಂದು ನಿಮಿಷದಲ್ಲಿ..."

"ಕೈ ತೆಗೀರಿ ಕೀಯಿಂದ!"

ಅವಳು ಓಡಿ ಹೋಗಿ ಕೀಯನ್ನೇ ಕಿತ್ತುಕೊಂಡಳು.

"ಏನಮ್ಮ ಇದು, ಭಯವಾ?"

"ಎಷ್ಟು ಸೋರಿದೆ ಅಂತ ಗೊತ್ತಿಲ್ಲದೆ ಇಂಜಿನ್ ಚಾಲೂ ಮಾಡ್ತಾರಾ ಯಾರಾದ್ರೂ? ಅದಿರಲಿ, ಇದು ನಿಂತಾಗ ಸೋರಿರೋ ಕಾರು. ನಿಂತಿರೋವಾಗಲೇ ಇದನ್ನ ನೋಡ್ಬೇಕು. ಒಮ್ಮೆ ಚಾಲೂ ಮಾಡಿದ್ರೆ ಆಯಿಲ್ ಎಲ್ಲಾ ಮೇಲಕ್ಕೆ ಹೋಗುತ್ತೆ, ಸೋರೋ ಜಾಗ ಅಡಗಿ ಕೂತ್ಕೊಳ್ಳುತ್ತೆ." ಅವಳು ಕನ್ನಡಕದವನ ಕಡೆ ತಿರುಗಿದಳು. "ಎಷ್ಟು ದಿನದಿಂದ ಓಡ್ಸಿಲ್ಲ ಇದನ್ನ?"

ಅವನು ತಲೆ ತಗ್ಗಿಸಿದ. "ತುಂಬಾ ತಿಂಗಳಾಯ್ತು. ಶೆಡ್ಡಲ್ಲಿ ಮುಸುಕು ಹಾಕಿ ನಿಲ್ಲಿಸಿಬಿಟ್ಟಿದ್ದೆ. ನಿನ್ನೆ ಅಮ್ಮ ಪೊರಕೆ ತರೋಕೆ ಹೋದವಳು ಕೂಗ್ಕೊಂಡ್ಲು... ಕಾರಿನ ಕೆಳಗೆ ಕೆಂಪಗೆ ಏನೋ ಚೆಲ್ಲಿದೆ ಅಂತ."

'ಓಡಿಸಿಯೇ ಇಲ್ವಾ? ನಾನು ಅಷ್ಟು ಪ್ರೀತಿಯಿಂದ ಕಟ್ಟಿಕೊಟ್ಟಿದ್ದನ್ನ ಮೂಲೆಗೆ ಬಿಸಾಕಿದ್ನಾ!'

ಆದರೆ ಅಳಲು ಇದು ಹೊತ್ತಲ್ಲ. ಅವಳು ಕೂದಲು ಎತ್ತಿ ಕಟ್ಟಿಕೊಂಡಳು.

"ಮಾವ, ಪಿಟ್ ಮೇಲೆ ತಳ್ಳಿಸಿ ಇದನ್ನ. ಅತ್ತೆಗೆ ಫೋನ್ ಮಾಡಿ, ಅವರ ಪೌಡರ್ ಡಬ್ಬ ಬೇಕು."

"ಪೌಡರಾ?" ಮಾವ ಕಣ್ಣು ಬಿಟ್ಟರು. "ಈಗ ಯಾರಿಗೆ ಮೇಕಪ್ಪೇ?"

"ಗೇರ್‌ಬಾಕ್ಸಿಗೆ!"

*

ಪಿಟ್ ಎಂದರೆ ಕಾರಿನ ಕೆಳಗೆ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿದ ಉದ್ದನೆಯ ಗುಂಡಿ. ಅವಳು ಅದರೊಳಗೆ ಇಳಿದಳು. ಕೆಳಗಿನಿಂದ ನೋಡಿದರೆ ಗೇರ್‌ಬಾಕ್ಸಿನ ಹೊಟ್ಟೆಯೆಲ್ಲ ಧೂಳು, ಎಣ್ಣೆ ಕಲಸಿದ ಕೆಸರು. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೇಳುವ ಹಾಗೇ ಇರಲಿಲ್ಲ.

ಮೊದಲು ಸೀಮೆಎಣ್ಣೆ ಹಾಕಿ ಬ್ರಷ್‌ನಿಂದ ಉಜ್ಜಿ ಉಜ್ಜಿ ತೊಳೆದಳು. ಗಾಳಿ ಹೊಡೆದು ಒಣಗಿಸಿದಳು. ಒಣಬಟ್ಟೆಯಿಂದ ಸಂದುಗೊಂದು ಬಿಡದೆ ಒರೆಸಿದಳು. ಆಮೇಲೆ ಅತ್ತೆಯ ಪೌಡರನ್ನು ಅಂಗೈಯಲ್ಲಿ ಹಾಕಿಕೊಂಡು ಉಫ್ ಎಂದು ಊದಿದಳು. ಕರಿ ಲೋಹದ ಮೇಲೆಲ್ಲ ಬಿಳಿ ಕೂತಿತು. ಎಲ್ಲಿಂದ ಆಯಿಲ್ ಜಿನುಗುತ್ತದೋ ಅಲ್ಲಿ ಬಿಳಿ ಪೌಡರು ಕೆಂಪಾಗಬೇಕು.

ಇನ್ನು ಕಾಯುವುದು.

ಕನ್ನಡಕದವನು ಟಾರ್ಚು ಹಿಡಿದು ಪಿಟ್ಟಿಗೆ ಇಳಿದು ಪಕ್ಕದಲ್ಲಿ ನಿಂತ. ಹೋಗಿ ಅನ್ನಬೇಕೆಂದುಕೊಂಡಳು. ಅನ್ನಲಿಲ್ಲ. ಪೌಡರು ಅವನ ಹುಬ್ಬಿನ ಮೇಲೂ ಕೂತಿತ್ತು. ಇಕ್ಕಟ್ಟಾದ ಜಾಗ, ಅತ್ತೆಯ ಪೌಡರಿನ ಪರಿಮಳ, ಸೀಮೆಎಣ್ಣೆಯ ವಾಸನೆ... ಜೊತೆಗೆ ಅವನ ಉಸಿರಿನ ಸದ್ದು.

'ದೇವರೇ, ಬೈಯ್ಯೋಕೂ ಮನಸ್ಸು ಬರ್ತಿಲ್ಲವಲ್ಲ!'

ಆಗ ಹನಿ ಬಿತ್ತು. ಟಪ್.

ಗೇರ್‌ಬಾಕ್ಸಿನ ತಳದ ಟ್ರೇ, ಗ್ಯಾರೇಜಿನವರು ಅದನ್ನು ಚೇಂಬರ್ ಅನ್ನುತ್ತಾರೆ, ಅದರ ಮೂಲೆಯಿಂದ ಬಿತ್ತು. ಆ ಚೇಂಬರಿನ ಸಂದು ಮುಚ್ಚುವ ಪ್ಯಾಕಿಂಗ್ ಹೊಸದಾಗಿ ಕೂರಿಸಿದವಳು ಅವಳೇ.

ಪಿಟ್ಟಿನ ಅಂಚಿನಲ್ಲಿ ಕೂತಿದ್ದ ಫೋರ್‌ಮನ್ ತೊಡೆ ತಟ್ಟಿದ. "ಚೇಂಬರ್ ಪ್ಯಾಕಿಂಗು! ನಾನು ಆಗ್ಲೇ ಹೇಳಿದ್ನಲ್ಲಾ!"

ಮಾವ ನಿಟ್ಟುಸಿರು ಬಿಟ್ಟರು. "ಪುಟ್ಟೀ... ಮೇಲೆ ಬಾ."

ಅವಳು ಪ್ಯಾಕಿಂಗಿನ ಸುತ್ತ ಬೆರಳಾಡಿಸಿದಳು. ಒಂದೊಂದು ಬೋಲ್ಟೂ ಅವಳು ಬಿಗಿದ ಹಾಗೇ ಬಿಗಿಯಾಗಿತ್ತು.

"ಇಲ್ಲ. ಬರಲ್ಲ."

"ಹಟ ಮಾಡ್ಬೇಡ್ವೇ..."

"ಹಟ ಅಲ್ಲ ಮಾವ! ಹನಿ ಬೀಳೋ ಜಾಗ ಇದು. ಹುಟ್ಟೋ ಜಾಗ ಇದೇ ಅಂತ ಯಾರು ಹೇಳಿದ್ರು? ಮೇಲಿಂದ ಹರ್ಕೊಂಡು ಬಂದು ಇಲ್ಲಿ ಬೀಳ್ತಿರ್ಬಹುದು. ಎಲ್ಲಕ್ಕಿಂತ ಮೇಲಿರೋ ಒದ್ದೆ ಯಾವುದು ಅಂತ ಹುಡುಕ್ಬೇಕು. ನನ್ನ ಬೆರಳು ಹೇಳ್ತಿದೆ, ಇದು ನನ್ನ ಪ್ಯಾಕಿಂಗ್ ಅಲ್ಲ!"

"ಬೆರಳು ಹೇಳಿದ್ರೆ ಸಾಲದು, ತೋರ್ಸು ಮತ್ತೆ."

ಅವಳು ತಲೆ ಹಿಂದಕ್ಕೆ ಚಾಚಿ ಮೇಲೆ ನೋಡಿದಳು. ಬಿಳಿ... ಎಲ್ಲಾ ಬಿಳಿ. ಹತ್ತಿರ ಹೋದಷ್ಟೂ ಮಂಜು ಕವಿದಂತೆ ಕಲಸಿಕೊಂಡಿತು. ಹಿಂದೆ ಸರಿದು ನೋಡಲು ಪಿಟ್ಟಿನಲ್ಲಿ ಜಾಗವಿರಲಿಲ್ಲ. ಕಣ್ಣು ಕಿರಿದು ಮಾಡಿದಳು. ಉಜ್ಜಿಕೊಂಡಳು. ಮತ್ತೆ ನೋಡಿದಳು.

ಕಾಣಲಿಲ್ಲ.

ಮೊದಲ ಸಲ, ತನ್ನೆದುರಿಗೆ ತಾನೇ, ಆ ಮಾತನ್ನು ಒಪ್ಪಿಕೊಂಡಳು. 'ನನಗೆ ಕಾಣ್ತಾ ಇಲ್ಲ.'

ಪಕ್ಕದಿಂದ ಒಂದು ಕೈ ನಿಧಾನವಾಗಿ ಮುಂದೆ ಬಂತು. ಅಂಗೈ ಮೇಲೆ ಒಂದು ಕನ್ನಡಕ. ಕೆಲಸದವರಿಗೆಂದೇ ಮಾಡಿದ್ದು, ಎಣ್ಣೆ ಸಿಡಿಯದಂತೆ ಪಕ್ಕಕ್ಕೂ ಗಾಜಿತ್ತು. ಕಿವಿಯಿಂದ ಜಾರದಂತೆ ಹಿಂದೆ ಪಟ್ಟಿಯಿತ್ತು.

"ನಿಮಗೇ ಅಂತ ಮಾಡಿದ್ದು," ಅವನು ಅವಳಿಗೆ ಮಾತ್ರ ಕೇಳುವಂತೆ ಹೇಳಿದ. "ಪವರ್ ಅಂದಾಜಿನದು. ನೀವು ಸ್ಕ್ರೂನ ಎಷ್ಟು ದೂರ ಹಿಡೀತಿದ್ರಿ ಅಂತ ನೋಡಿ ಲೆಕ್ಕ ಹಾಕಿದೆ."

"ಅಂದ್ರೆ ಗೆದ್ದೆ ಅಂತ ಇದನ್ನ ಜೇಬಲ್ಲಿಟ್ಕೊಂಡೇ ಬಂದ್ರಾ?" ಅವಳು ಅವನತ್ತ ತಿರುಗಿದಳು.

"ಗೆಲ್ಲೋಕೆ ಬಂದಿಲ್ಲ ರೀ. ಅದನ್ನ ಆಮೇಲೆ ಹೇಳ್ತೀನಿ. ಬೇಕಾದಷ್ಟು ಬೈದುಬಿಡಿ, ಕೇಳಿಸ್ಕೋತೀನಿ. ಈಗ ಇದನ್ನ ಹಾಕ್ಕೊಂಡು ನಿಮ್ಮ ಕೆಲಸ ನೀವು ಉಳಿಸ್ಕೊಳ್ಳಿ."

ಮೇಲೆ ಫೋರ್‌ಮನ್ ಕೂತಿದ್ದಾನೆ. ನಗುತ್ತಾನೆ. ಖಂಡಿತ ನಗುತ್ತಾನೆ.

'ನಗಲಿ! ನಕ್ಕು ಸಾಯಲಿ!'

ಅವಳು ಕನ್ನಡಕ ಕಿತ್ತುಕೊಂಡು ಕಣ್ಣಿಗೇರಿಸಿದಳು.

ಅಬ್ಬಾ!

ಪೌಡರಿನ ಒಂದೊಂದು ಕಣವೂ ಎದ್ದು ನಿಂತಿತು. ಬೋಲ್ಟಿನ ತಲೆಯ ಮೇಲಿನ ಅಂಕಿ, ಲೋಹದ ಮೇಲಿನ ಗೀಚು, ತನ್ನದೇ ಉಗುರಿನ ಸಂದಿನ ಕರಿ... ಇಷ್ಟು ದಿನ ಇದನ್ನೆಲ್ಲ ಬರೀ ಬೆರಳಿನಿಂದ ನೋಡುತ್ತಿದ್ದಳೇ! ಕತ್ತು ಎತ್ತಿ ಮೇಲೆ, ಇನ್ನೂ ಮೇಲೆ ಹುಡುಕಿದಳು.

ಕಂಡಿತು!

ಬಿಳಿಯ ಮೇಲೆ ಕೂದಲೆಳೆಯಂಥ ಒಂದು ಕೆಂಪು ಗೆರೆ. ಚೇಂಬರಿಗಿಂತ ಸಾಕಷ್ಟು ಮೇಲೆ, ಗೇರ್ ಹಾಕುವ ಲಿವರಿನ ಕಡ್ಡಿ ಗೇರ್‌ಬಾಕ್ಸಿನೊಳಕ್ಕೆ ಹೋಗುವ ಕಡೆ, ಆ ಕಡ್ಡಿಯ ಸುತ್ತ ಇರುವ ಪುಟ್ಟ ರಬ್ಬರ್ ಸೀಲಿನಿಂದ ಹೊರಟಿತ್ತು. ಅಲ್ಲಿಂದ ಪಕ್ಕದ ಅಂಚು ಹಿಡಿದು ಇಳಿದು, ಚೇಂಬರಿನ ತುಟಿಯ ಮೇಲೆ ನಡೆದು, ಮೂಲೆಗೆ ಬಂದು ಹನಿಯಾಗುತ್ತಿತ್ತು.

"ಮಾವಾ!" ಅವಳ ಕೂಗಿಗೆ ತಗಡಿನ ಸೂರು ಗುಡುಗಿತು. "ಇಳೀರಿ ಕೆಳಗೆ! ಫೋರ್‌ಮನ್ ಅವರೇ, ನೀವೂ ಬನ್ನಿ. ಹಲ್ಲುಕಡ್ಡಿ ಅಲ್ಲೇ ಬಿಟ್ಟು ಬನ್ನಿ!"

ಮಾವ ಉಸ್ಸೆಂದು ಇಳಿದರು. ಅವಳು ಬೆರಳು ತೋರಿಸಿದಳು. ಮಾವ ಮುಖ ಮುಂದೆ ತಂದರು, ಹಿಂದೆ ಒಯ್ದರು, ಮತ್ತೆ ಮುಂದೆ ತಂದರು.

"ಎಲ್ಲೇ? ನನಗೇನೂ ಕಾಣ್ತಿಲ್ಲ... ಕೊಡಿಲ್ಲಿ ಅದನ್ನ." ಅವಳ ಕಣ್ಣಿನಿಂದಲೇ ಕನ್ನಡಕ ಎತ್ತಿ ಹಾಕಿಕೊಂಡರು. "ಅರೆರೆ! ಲಿವರ್ ಸೀಲು!" ಆಮೇಲೆ ಸುತ್ತಲೂ ನೋಡಿ, "ಇದೇನಯ್ಯಾ, ಲೋಕ ಇಷ್ಟು ಚೆನ್ನಾಗಿ ಕಾಣುತ್ತಾ?" ಎಂದರು.

ಫೋರ್‌ಮನ್ನಿಗೆ ಬರಿಗಣ್ಣಿಗೇ ಕಂಡಿತು. ಅವನು ಗಂಟಲು ಸರಿಮಾಡಿಕೊಂಡ. "ಹೂಂ... ಲಿವರ್ ಸೀಲೇ. ಆದ್ರೆ ಅವತ್ತೇ ಅದನ್ನೂ ಬದಲಾಯಿಸಬಹುದಿತ್ತಲ್ಲ?"

"ಅವತ್ತು ಅದು ಚೆನ್ನಾಗಿತ್ತು. ನೀವೇ ಹಿಂಡಿ ನೋಡಿ, ಇರ್ಲಿ ಅಂದಿದ್ರಿ. ನೆನಪಿದ್ಯಾ?"

ಅವನಿಗೆ ನೆನಪಿತ್ತು. ತಲೆ ಕೆರೆದುಕೊಂಡ. "...ಅಂದಿದ್ದೆ ಕಣಮ್ಮ. ಮೆತ್ತಗೇ ಇತ್ತು."

"ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರೋ ದೊಡ್ಡ ಬಟ್ಟಲಲ್ಲಿ, ಓಡೋವಾಗ ಅರ್ಧ ಆಯಿಲ್ ಇರುತ್ತೆ," ಅವಳು ಕಾರಿನ ಒಡೆಯನ ಕಡೆ ನೋಡಿಯೇ ಹೇಳಿದಳು. "ತಿಂಗಳುಗಟ್ಟಲೆ ನಿಲ್ಲಿಸಿದ್ರೆ ಅದೆಲ್ಲಾ ನಿಧಾನಕ್ಕೆ ಕೆಳಗೆ ಇಳಿದು ಚೇಂಬರ್ ತುಂಬುತ್ತೆ, ಮಟ್ಟ ಈ ಸೀಲಿನವರೆಗೂ ಏರುತ್ತೆ. ಸೀಲು ಅಷ್ಟರಲ್ಲಿ ಒಣಗಿ ಸುಕ್ಕಾಗಿರುತ್ತೆ. ದಿನಾ ಓಡಿಸಿದ್ರೆ ಇದು ಒಂದು ಹನಿಯೂ ಸೋರ್ತಿರ್ಲಿಲ್ಲ. ನನ್ನ ಪ್ಯಾಕಿಂಗ್ ಸರಿ ಇದೆ. ನನ್ನ ಕೆಲಸ ಸರಿ ಇದೆ!"

ಮಾವ ಅವಳ ತಲೆ ಸವರಲು ಕೈ ಎತ್ತಿದರು. "ಆಯ್ತು ಕಣೇ. ಗೇರ್‌ಬಾಕ್ಸ್ ನೀನೇ ನೋಡ್ಕೋ. ನಾನು ಒಪ್ಪಿದೆ."

"ನೀವು ಒಪ್ಪಿದ್ದಕ್ಕಲ್ಲ ಮಾವ. ಆ ಮೂಲೆ ನನ್ನದೇ ಇತ್ತು, ನನ್ನದೇ ಇರುತ್ತೆ." ಅವಳು ಮಾವನ ಮುಖದಿಂದ ಕನ್ನಡಕ ವಾಪಸು ತೆಗೆದು ಹಾಕಿಕೊಂಡಳು. ಪಟ್ಟಿ ಬಿಗಿ ಮಾಡಿದಳು. "ಇನ್ನೊಂದು ಮಾತು. ನನಗೆ ಹತ್ತಿರದ್ದು ಕಾಣಲ್ಲ. ಇನ್ಮೇಲೆ ಇದನ್ನ ಹಾಕ್ಕೊಂಡೇ ಕೆಲಸ ಮಾಡ್ತೀನಿ. ಯಾರಿಗೆ ನಗು ಬರುತ್ತೋ ಈಗಲೇ ನಕ್ಕು ಮುಗಿಸಿ."

ಯಾರೂ ನಗಲಿಲ್ಲ. ಫೋರ್‌ಮನ್ ಮೆಲ್ಲಗೆ ಹತ್ತಿ ಹೋದ. ಮಾವ ಕನ್ನಡಕದವನ ಕಿವಿಯಲ್ಲಿ, "ನನಗೂ ಒಂದು ಮಾಡ್ಕೊಡಪ್ಪಾ, ಇವಳ ಅತ್ತೆಗೆ ಹೇಳ್ಬೇಡ, ವಯಸ್ಸಾಯ್ತು ಅಂತಾಳೆ," ಎಂದು ಪಿಸುಗುಟ್ಟಿ ಮೇಲೆ ಹೋದರು.

ಪಿಟ್ಟಿನಲ್ಲಿ ಇಬ್ಬರೇ ಉಳಿದರು.

*

"ಈಗ ಹೇಳಿ," ಅವಳು ಕೈ ಕಟ್ಟಿ ನಿಂತಳು. "ನನ್ನ ಕೆಲಸ ಸೋರ್ತಿದೆ ಅಂತ ಅಷ್ಟೊಂದು ಖುಷಿ ಯಾಕಿತ್ತು?"

"ಒಂದು ಹನಿ ಬಿದ್ರೆ ಬನ್ನಿ ಅಂದಿದ್ರಲ್ಲ."

"...ಏನು?"

"ನೀವೇ ಅಂದಿದ್ದು. ಒಂದು ಹನಿ ಬಿದ್ರೆ ಬನ್ನಿ, ಇಲ್ಲಾಂದ್ರೆ ತಲೆ ಹಾಕ್ಬೇಡಿ ಅಂತ." ಅವನು ಗೋಡೆಗೆ ಒರಗಿಸಿದ್ದ ರಟ್ಟನ್ನು ಎತ್ತಿಕೊಂಡ. ಅದರ ಅಂಚೆಲ್ಲ ಜೂಲುಜೂಲಾಗಿತ್ತು, ಮೇಲೆ ಟೈರಿನ ಗುರುತುಗಳಿದ್ದವು. "ಅವತ್ತು ರಾತ್ರಿಯೇ ಇದನ್ನ ಕಾರಿನ ಕೆಳಗೆ ಹಾಕಿದೆ. ದಿನಾ ಬೆಳಿಗ್ಗೆ ಎದ್ದು ಮೊದಲು ಇದನ್ನ ನೋಡೋದೇ ಕೆಲಸ. ಒಂದು ಹನಿ... ಒಂದೇ ಒಂದು ಹನಿ ಬಿದ್ದಿರಲಿ ದೇವರೇ ಅಂತ! ಬೀಳಲೇ ಇಲ್ಲ ರೀ. ರಟ್ಟು ಬದಲಾಯಿಸೋ ಪ್ರಮೇಯವೇ ಬರ್ಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ರಿ ನೀವು. ನನ್ನ ಗ್ರಹಚಾರ!"

ಅವಳ ಕಟ್ಟಿದ ಕೈ ತಾನಾಗಿಯೇ ಸಡಿಲವಾಯಿತು.

"ಗೇರ್ ಹಾಕಿದಾಗೆಲ್ಲಾ ನಿಮ್ಮ ನೆನಪು ಬರ್ತಿತ್ತು. ಆಮೇಲಾಮೇಲೆ ಅದರಲ್ಲಿ ಕೂರೋಕೇ ಆಗ್ಲಿಲ್ಲ. ಮುಸುಕು ಹಾಕಿ ನಿಲ್ಲಿಸಿಬಿಟ್ಟೆ, ರಟ್ಟು ನೋಡೋದನ್ನೂ ಬಿಟ್ಟೆ, ನಡ್ಕೊಂಡೇ ಅಂಗಡಿಗೆ ಹೋದೆ. ನಿನ್ನೆ ಅಮ್ಮ ಕೂಗಿದಾಗ... ಕೆಂಪು ಕಲೆ ನೋಡಿ ನಾನು ಕುಣಿದುಬಿಟ್ಟೆ! ಅಮ್ಮ ಮಗನಿಗೆ ತಲೆ ಕೆಟ್ಟಿತು ಅಂದ್ಕೊಂಡ್ಲು." ಅವನ ಧ್ವನಿ ಇಳಿಯಿತು. "ಬಾ ಅಂದಿದ್ದಷ್ಟೇ ನೆನಪಿತ್ತು. ಸ್ಪ್ಯಾನರ್ ಕೆಳಗಿಡ್ತೀನಿ ಅಂದಿದ್ದು ಮರೆತೇ ಹೋಗಿತ್ತು. ನೆನಪಿದ್ದಿದ್ರೆ ಆ ಕಲೆ ಒರೆಸಿ ಸುಮ್ಮನಿರ್ತಿದ್ದೆ. ಆಣೆಗೂ!"

"ಹುಚ್ಚು ಗಿಚ್ಚು ಹಿಡಿದಿದ್ಯಾ ನಿಮಗೆ? ಹಾಗೇ ಬರೋಕೆ ಆಗ್ತಿರ್ಲಿಲ್ವಾ?"

"ಬರ್ಬೇಡಿ ಅಂದ್ರಲ್ಲ!"

"ಅಂದೆ! ಅಂದಮಾತ್ರಕ್ಕೆ ಬರದೇ ಇದ್ಬಿಡ್ತಾರಾ?" ಅವಳು ಗೇಟಿನ ಕಡೆ ಕೈ ಮಾಡಿದಳು. "ವರ್ಷ ಪೂರ್ತಿ ಗೇಟ್ ನೋಡಿದ್ದೀನಿ ನಾನು! ಬೂದು ಬಣ್ಣದ ಯಾವ ಕಾರು ಬಂದ್ರೂ..."

ಮಾತು ಅಲ್ಲೇ ನಿಂತಿತು. ಹೇಳಬಾರದ್ದು ಹೇಳಿ ಆಗಿತ್ತು. ಹೊಸ ಕನ್ನಡಕದ ಹಿಂದೆ ಕಣ್ಣು ತುಂಬಿ ಬಂತು. ಈ ಸಲ ಅವಳು ಅಡಗಿಸಲಿಲ್ಲ.

ಅವನು ಒಂದು ಹೆಜ್ಜೆ ಹತ್ತಿರ ಬಂದ. "ತಪ್ಪು ನಂದೇ. ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು. ನಿಮ್ಮನ್ನ ಕರೆದು ಮೆಲ್ಲಗೆ ಹೇಳ್ಬೇಕಿತ್ತು. ಇನ್ನೊಂದು ಮಾತೂ ಅವತ್ತೇ ಹೇಳ್ಬೇಕಿತ್ತು."

"ಯಾವ ಮಾತು?"

"ನಿಮ್ಮನ್ನ ಬಿಟ್ಟು ಇರೋಕೆ ನನ್ನ ಕೈಲಿ ಆಗಲ್ಲ ಅಂತ."

ಅವಳು ಅವನನ್ನು ನೋಡಿದಳು. ಇಷ್ಟು ಹತ್ತಿರದಿಂದ, ಇಷ್ಟು ಸ್ಪಷ್ಟವಾಗಿ, ಅವನ ಮುಖವನ್ನು ನೋಡಿದ್ದು ಇದೇ ಮೊದಲು. ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ. ಹುಬ್ಬಿನಲ್ಲಿ ಅತ್ತೆಯ ಪೌಡರು. ಕಣ್ಣಲ್ಲಿ ಭಯ... ಪಾಪ, ನಿಜವಾದ ಭಯ!

ಅವಳು ತನ್ನ ಕರಿ ಬೆರಳಿನಿಂದ ಅವನ ಹುಬ್ಬಿನ ಪೌಡರು ಒರೆಸಿದಳು. ಪೌಡರು ಹೋಗಿ ಗ್ರೀಸು ಬಂತು.

"ನನಗೂ ಆಗ್ಲಿಲ್ಲ," ಎಂದಳು, ಜಗಳಕ್ಕೆ ನಿಂತವಳ ದನಿಯಲ್ಲೇ. "ಆಗೋದೂ ಇಲ್ಲ. ಗೊತ್ತಾಯ್ತಾ?"

ಮೇಲಿನಿಂದ ಮಾವನ ಕೆಮ್ಮು ಕೇಳಿಸಿತು. ಇಬ್ಬರೂ ಕೇಳದವರ ಹಾಗೆ ನಿಂತರು.

"ಹೊಸ ಸೀಲು ಹಾಕಿ, ಆಯಿಲ್ ತುಂಬಿಸಿ ನಾಳೆ ಕೊಡ್ತೀನಿ," ಅವಳು ಮೂಗು ಒರೆಸಿಕೊಂಡು ಗೇರಕ್ಕನಾದಳು. "ಆದ್ರೆ ಇನ್ನೊಂದು ಸಲ ಇದನ್ನ ಮುಸುಕು ಹಾಕಿ ನಿಲ್ಲಿಸಿದ್ರೆ ಗ್ರಹಚಾರ ಬಿಡಿಸ್ತೀನಿ. ದಿನಾ ಓಡಿಸ್ಬೇಕು."

"ದಿನಾ ಎಲ್ಲಿಗೆ ಹೋಗ್ಲಿ ರೀ?"

"ಇಲ್ಲಿಗೆ."

ಅವನ ಮುಖವೆಲ್ಲ ನಗುವಾಯಿತು. "ಹನಿ ಬೀಳದಿದ್ರೂ ಬರ್ಬಹುದಾ?"

"ಬೀಳಲ್ಲ ಅಂದೆನಲ್ಲ! ಅದನ್ನ ಕಟ್ಟಿದ್ದು ನಾನು." ಅವಳು ರಟ್ಟನ್ನು ಅವನ ಕೈಯಿಂದ ಕಿತ್ತು ಪಿಟ್ಟಿನಿಂದ ಹೊರಗೆಸೆದಳು. "ಬರೋವಾಗ ಟೀ ತನ್ನಿ. ಎರಡು ಲೋಟ."